ಬೂಕಿಯ ದನಿ

ಗೋಡೆಯ ಆಚೆ ಬದಿಯಲ್ಲಿ ಕತ್ತೆಕಿರುಬ ಮತ್ತೊಮ್ಮೆ ಮೋಸಹೋಗುತ್ತಿತ್ತು.

ಈಚೆ ಬದಿಯಲ್ಲಿ, ಸಂಗೀತದ ಕೋಣೆಯಲ್ಲಿ, ಒರೇಲಿಯಾ ನಾರ್ಸಿಸ್ ಝೈಲೋಫೋನಿನ ಮರದ ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒರೆಸಿದ ಪಟ್ಟಿಯನ್ನೇ ಮತ್ತೆ ಒರೆಸುತ್ತಿದ್ದಳು.

“ಮೊಲಕ್ಕೆ ಒಂದು!” ಹೆಂಗಸಿನ ದನಿ.

“ಒಂದು!” ಮಕ್ಕಳ ದನಿ, ಜೊತೆಗೊಂದು ಚಪ್ಪಾಳೆ.

“ಮೊಲದ ಅವ್ವನಿಗೆ ಒಂದು!”

“ಒಂದು!”

“ಮೊಲದ ಹೆಂಡ್ತಿ ಕಡೆ ಸೋದರಮಾವನಿಗೆ ಒಂದು!”

“ಒಂದು!”

“ಬೂಕಿಗೆ?”

“ಸಿಪ್ಪೆ!”

ಡೆಸ್ಕುಗಳ ಮೇಲೆ ಅಂಗೈಗಳು ಬಿದ್ದ ರಭಸಕ್ಕೆ ಗೋಡೆ ಅದುರಿತು. ಒರೇಲಿಯಾಳ ಕೈಕೆಳಗಿನ ಪಟ್ಟಿಗಳು ತಾವಾಗಿಯೇ ಸಣ್ಣಗೆ ಗುಂಯ್ ಎಂದವು. ಅವಳು ಅಂಗೈ ಒತ್ತಿ ಅವುಗಳ ಬಾಯಿ ಮುಚ್ಚಿಸಿದಳು.

“ಈಗ ಹೇಳಿ. ಕಡಲೆಕಾಯಿ ಇದ್ದದ್ದು ಹದಿನೆಂಟು. ತಿಂದವರು ಮೂವರು. ಒಬ್ಬೊಬ್ಬರಿಗೆ ಎಷ್ಟು?”

“ಆರು, ಮಿಸ್ ರೊಕಾಯಾ!”

ಮೊದಲು ಕೂಗಿದ್ದು ಸೆಲೆಸ್ಟಿನ್ ಎಂಬ ಹುಡುಗಿ. ಒರೇಲಿಯಾಳ ತರಗತಿಯಲ್ಲಿ ಅದೇ ಹುಡುಗಿ ರಿಕಾರ್ಡರ್ ಕೊಳಲಿನ ತುದಿಯನ್ನು ಕಬ್ಬಿನ ಹಾಗೆ ಕಚ್ಚುತ್ತಾ ಕಿಟಕಿಯಾಚೆ ನೋಡುತ್ತಿರುತ್ತಾಳೆ. ಇದು ಸಂಗೀತವಲ್ಲ, ಗದ್ದಲ ಎಂದುಕೊಂಡಳು ಒರೇಲಿಯಾ. ಇದು ಗಣಿತವಲ್ಲ, ಸಂತೆ. ಆದರೆ ಆ ಗದ್ದಲ ಒಮ್ಮೆಯೂ ತಾಳ ತಪ್ಪುತ್ತಿರಲಿಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ.

ರೊಕಾಯಾ ಜೆಂಗ್ ಆಗಸ್ಟಿನಲ್ಲಿ ಸೆನೆಗಲ್‌ನಿಂದ ಬಂದಿದ್ದಳು, ಮೂರನೇ ತರಗತಿಗೆ ಎಲ್ಲ ಪಾಠಗಳನ್ನೂ ಫ್ರೆಂಚಿನಲ್ಲಿ ಕಲಿಸಲು. ನಮ್ಮ ಲೂಯಿಸಿಯಾನಾದ ಈ ಬಾಯು ಎಂಬ ಜೌಗುಹೊಳೆಯ ದಂಡೆಯಲ್ಲಿ ಅಜ್ಜ ಅಜ್ಜಿಯರ ಭಾಷೆಯನ್ನು ಮೊಮ್ಮಕ್ಕಳಿಗೆ ಕಲಿಸಲು ಸಮುದ್ರದಾಚೆಯಿಂದ ಜನ ಕರೆಸುವುದು ಈಗ ಯಾರಿಗೂ ವಿಚಿತ್ರವಲ್ಲ. ಬಂದವಳು ಫ್ರೆಂಚ್ ಕಲಿಸಿಕೊಂಡು ಇದ್ದಿದ್ದರೆ ಒರೇಲಿಯಾ ಅವಳಿಗೆ ಭಾನುವಾರದ ಗಂಬೋ ಸಾರು ಕಟ್ಟಿಕೊಡುತ್ತಿದ್ದಳು. ಆದರೆ ಅವಳು ಬೂಕಿಯನ್ನು ತಂದಳು. ಬೂಕಿ ನಮ್ಮವನು. ಮೊಲನಿಂದ ದಿನಾ ಮೋಸಹೋಗುವ ನಮ್ಮ ಪೆದ್ದ ಬೂಕಿ. ಅವನು ಯಾವ ಪ್ರಾಣಿ ಎಂದು ನಾವು ಯಾರೂ ಕೇಳಿದವರಲ್ಲ. ತೋಳವೋ, ನಾಯಿಯೋ, ಯಾರದೋ ಚಿಕ್ಕಪ್ಪನೋ. ಬೂಕಿ ಎಂದರೆ ತನ್ನೂರಿನ ಭಾಷೆಯಲ್ಲಿ ಕತ್ತೆಕಿರುಬ ಎಂದು ರೊಕಾಯಾ ಮೊದಲ ವಾರವೇ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಮಕ್ಕಳು ಆ ಚಿತ್ರವನ್ನು ಮನೆಗೆ ಒಯ್ದರು. ಊರೆಲ್ಲ ಅದೇ ಮಾತಾಯಿತು. ತನ್ನ ಮನೆಯ ಅಟ್ಟದಲ್ಲಿದ್ದ ಪೆಟ್ಟಿಗೆಯನ್ನು ಪರವೂರಿನವಳು ಬಂದು ತನ್ನ ಕೀಲಿಯಿಂದ ತೆರೆದಂತಾಯಿತು ಒರೇಲಿಯಾಗೆ.

ಮಾರ್ಚಿನ ಒಂದು ಶುಕ್ರವಾರ ಪ್ರಿನ್ಸಿಪಾಲ್ ಯುವಾಲ್ ಊಟದ ತಟ್ಟೆ ಹಿಡಿದೇ ಅವಳ ಕೋಣೆಗೆ ಬಂದ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಮಾಂಸವಿಲ್ಲದ ದಿನ, ತಟ್ಟೆಯಲ್ಲಿ ಹುರಿದ ಮೀನು.

“ಮಿಸ್ ಒರೇಲಿಯಾ, ಅಜ್ಜ-ಅಜ್ಜಿಯರ ದಿನದ ಕಾರ್ಯಕ್ರಮ ಈ ಸಲ ರೊಕಾಯಾ ಮಾಡ್ಲಿ ಅಂದ್ಕೊಂಡಿದ್ದೀನಿ. ಕಥೆ, ಹಾಡು, ಎರಡೂ ಕೂಡಿಸಿ. ನೀವು ಹಿಂದೆ ಕೂತು ಝೈಲೋಫೋನ್ ನುಡಿಸಿದ್ರೆ ಇನ್ನೂ ಕಳೆ ಬರುತ್ತೆ.”

“ಹಿಂದೆ,” ಎಂದಳು ಒರೇಲಿಯಾ.

“ಹಿಂದೆ ಅಂದ್ರೆ, ಪಕ್ಕದಲ್ಲಿ.”

“ಹಿಂದೆ ಅಂದ್ರಿ.”

ಯುವಾಲ್ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟ. “ಒಂದೇ ಷರತ್ತು ಹಾಕಿದ್ದೀನಿ. ಕಥೆ ಇಲ್ಲಿದೇ ಆಗ್ಬೇಕು. ಇಲ್ಲಾಂದ್ರೆ ಕಾರ್ಯಕ್ರಮ ಎಂದಿನಂತೆ ನಿಮ್ದೇ. ನಿಮ್ಮ ನೆನೆನ್ ಹತ್ರ ಒಂದಿದ್ಯಂತಲ್ಲ, ಬೂಕಿ ದನಿ ಕಳ್ಕೊಂಡ ಕಥೆ? ಯುಲಾಲಿ ಹೇಳಿದ್ರೇ ಅದು ಕಥೆ ಅಂತಿದ್ರು ನಮ್ಮಜ್ಜಿ. ರೊಕಾಯಾನ ಒಂದ್ಸಲ ಕರ್ಕೊಂಡು ಹೋಗಿ.”

ಯುಲಾಲಿ ಎಂದರೆ ಒರೇಲಿಯಾಳ ತಾಯಿಯ ಅಕ್ಕ. ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಮಗುವನ್ನು ಎತ್ತಿ ಹಿಡಿದವಳನ್ನು ನಮ್ಮಲ್ಲಿ ನೆನೆನ್ ಎನ್ನುತ್ತಾರೆ. ಒರೇಲಿಯಾಗೆ ಅವಳು ದೊಡ್ಡಮ್ಮನಿಗಿಂತ ಹೆಚ್ಚಾಗಿ ನೆನೆನ್. ಆ ಕಥೆಯನ್ನು ಒರೇಲಿಯಾ ಅಂಗೈಯಗಲದ ಮಗುವಾಗಿದ್ದಾಗ ಕೇಳಿದ್ದಳು. ಈಗ ಅದರಲ್ಲೊಂದು ಸೋರೆಬುರುಡೆ ಇತ್ತು ಎಂಬುದಷ್ಟೇ ಉಳಿದಿತ್ತು. ಸಂಗೀತದ ಟೀಚರಾದ ಮೇಲೆ ಪ್ರತಿ ವರ್ಷವೂ ಹೋಗಿ, ಫೋನನ್ನು ಮುದುಕಿಯ ಬಾಯಿಯ ಹತ್ತಿರ ಹಿಡಿದು, ಆ ಕಥೆ ಹೇಳು ನೆನೆನ್ ಎಂದು ಕೇಳುತ್ತಿದ್ದಳು. “ಮರೆತೆ ಕಣೆ,” ಎನ್ನುತ್ತಿದ್ದಳು ನೆನೆನ್. ಮರೆತವಳಿಗೆ ಪಕ್ಕದ ಮನೆಯ ನಾಯಿಯ ಅಜ್ಜಿಯ ಹೆಸರೂ ನೆನಪಿತ್ತು.

ತನಗೆ ಸಿಗದ ಕಥೆ ಈಗ ರೊಕಾಯಾಗೆ ಸಿಕ್ಕಿಬಿಟ್ಟರೆ?

ಸಂಜೆ ಕಾರುಗಳು ನಿಲ್ಲುವ ಬಯಲಿನಲ್ಲಿ ರೊಕಾಯಾ ತಾನೇ ಓಡಿಬಂದಳು. ಎತ್ತರದ ಹೆಂಗಸು, ತಲೆಗೆ ಹಳದಿ ವಸ್ತ್ರ.

“ಮಿಸ್ ಒರೇಲಿಯಾ, ಗುರುವಾರ ನಿಮ್ಮ ನೆನೆನ್ ಮನೆಗೆ ಮಕ್ಕಳನ್ನೂ ಕರ್ಕೊಂಡು ಹೋಗೋಣ್ವಾ? ನಂಗೆ ಭಯ. ಹಿರಿಯರ ಮನೆಗೆ ಬರಿಗೈಲಿ ಹೋಗ್ಬಾರ್ದು. ಏನ್ ಇಷ್ಟ ಅವ್ರಿಗೆ?”

ಒರೇಲಿಯಾ ಕಾರಿನ ಬೀಗಕ್ಕೆ ಕೀಲಿ ಹಾಕಿದಳು. ಯೋಚಿಸಿ ಆಡಿದ ಮಾತಲ್ಲ ಅದು. ಬಾಯಿಗೆ ಬಂದು ಕೂತಿತ್ತು.

“ನಿಮ್ಮ ಡೋಲು ತನ್ನಿ. ನೆನೆನ್‌ಗೆ ಡೋಲು ಅಂದ್ರೆ ಪ್ರಾಣ.”

“ನನ್ನ ತಮಾ ಡೋಲಾ?” ರೊಕಾಯಾಳ ಮುಖ ಸ್ವಲ್ಪ ಇಳಿಯಿತು. ಕಂಕುಳಲ್ಲಿ ಒತ್ತಿ ಬಾರಿಸುವ ಆ ಪುಟ್ಟ ಡೋಲು ಕೆಲವು ದಿನಗಳಿಂದ ಅವಳ ತರಗತಿಯ ಬೀರುವಿನ ಮೇಲಿತ್ತು. “ಈಗ ರಂಜಾನ್ ಅಲ್ವಾ. ನಮ್ಮೂರಲ್ಲಿ ಈ ತಿಂಗಳು ಡೋಲು ಮುಟ್ಟಲ್ಲ. ಅದಕ್ಕೇ ಎತ್ತಿಟ್ಟಿದ್ದೀನಿ.”

“ಓ. ಹಾಗಾದ್ರೆ ಬೇಡ ಬಿಡಿ. ಮುದುಕಿ ಬೇಜಾರು ಮಾಡ್ಕೋತಾಳೆ, ಅಷ್ಟೇ.”

“ಅಯ್ಯೋ, ಬೇಡ ಬೇಡ. ಹಿರಿಯರ ಆಸೆ. ಒಂದ್ಸಲ ದೇವರು ಆ ಕಡೆ ತಿರುಗಿ ಕೂರ್ತಾನೆ ಬಿಡಿ.” ರೊಕಾಯಾ ನಕ್ಕಳು. “ಅಷ್ಟಕ್ಕೂ ನಮ್ಮಲ್ಲಿ ಅದನ್ನ ಬಾರಿಸೋದು ಗಂಡಸರು. ಒಂದು ತಪ್ಪಿನ ಮೇಲೆ ಇನ್ನೊಂದು.”

ನೆನೆನ್‌ಳ ಮನೆಯಲ್ಲಿ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಯಾವ ವಾದ್ಯವೂ ಉಸಿರೆತ್ತುವಂತಿಲ್ಲ. ಸತ್ತ ಗಂಡನ ಅಕಾರ್ಡಿಯನ್ ದಿಂಬಿನ ಗವುಸಿನೊಳಗೆ ಹೋಗುತ್ತದೆ. ರೇಡಿಯೋದ ತಂತಿ ಕಿತ್ತಿಡುತ್ತಾಳೆ. ಊರಿನ ಕುಣಿತದ ಮನೆಗಳೆಲ್ಲ ತಪಸ್ಸುಕಾಲದಲ್ಲೂ ತೆರೆದಿರುತ್ತವೆ, ಈಗ ಈ ಕಟ್ಟಳೆ ಪಾಲಿಸುವವರು ಬೆರಳೆಣಿಕೆಯ ಮುದುಕಿಯರು. ಹಿಂದೊಮ್ಮೆ ಪಾದ್ರಿಯ ಸೋದರಳಿಯನೇ ಜಗಲಿಯ ಮೇಲೆ ಪಿಟೀಲು ತೆಗೆದಿದ್ದಕ್ಕೆ ಅವನನ್ನು ಗೇಟಿನಾಚೆ ಕಳಿಸಿದವಳು ಅವಳು. ಇದು ಒರೇಲಿಯಾಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು. ಕಾರು ತಿರುಗಿಸುವಾಗ ಅವಳಿಗೆ ಬಹಳ ದಿನಗಳ ಮೇಲೆ ಹಾಯೆನಿಸಿತು.

ಗುರುವಾರ ಮಧ್ಯಾಹ್ನ ಮಕ್ಕಳು ಎರಡು ಸಾಲಾಗಿ, ಸೀಗಡಿ ಕೆರೆಗಳ ಏರಿಯ ಮೇಲೆ ನಡೆದುಬಂದರು. ನೆನೆನ್ ಜಗಲಿಯ ತೂಗುಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು.

“ಏನೇ ಒರೇಲಿಯಾ, ಈ ಸಲ ಫೋನ್ ಸಾಲ್ದು ಅಂತ ಪಟಾಲಮ್ಮೇ ತಂದ್ಯಾ?” ಎಂದವಳ ಕಣ್ಣು ರೊಕಾಯಾಳ ಕಂಕುಳ ಮೇಲೆ ನಿಂತಿತು. “ಅದೇನದು?”

“ತಮಾ ಅಂತಾರೆ ಅಮ್ಮ. ನಿಮಗಾಗೇ ತಂದೆ,” ಎಂದು ರೊಕಾಯಾ ಕೊಕ್ಕೆಕೋಲಿನಿಂದ ಒಂದು ಪೆಟ್ಟು ಕೊಟ್ಟಳು. ದುಂಯ್.

ತೂಗುಕುರ್ಚಿ ನಿಂತಿತು. ಕೋಳಿಗಳೂ ನಿಂತವು ಎನಿಸಿತು ಒರೇಲಿಯಾಗೆ.

“ತಪಸ್ಸುಕಾಲದಲ್ಲಿ ನನ್ನ ಜಗಲಿ ಮೇಲೆ ಡೋಲಾ?” ನೆನೆನ್ ಕುರ್ಚಿಯ ಕೈ ಹಿಡಿದು ಮೇಲೆದ್ದಳು. “ಯಾವೋಳೇ ನಿಂಗೆ ಹೇಳ್ದೋಳು, ತಗೊಂಡು ಬಾ ಅಂತ?”

ರೊಕಾಯಾ ಒರೇಲಿಯಾಳನ್ನು ನೋಡಿದಳು. ಸುಮ್ಮನೆ ನೋಡಿದಳು, ಅಷ್ಟೇ. ಆ ನೋಟಕ್ಕೆ ಎಲ್ಲ ತಿಳಿದುಹೋಯಿತು. ಒರೇಲಿಯಾ ಒಂದು ಮಗುವಿನ ಶೂ ಲೇಸು ಕಟ್ಟಲು ಬಗ್ಗಿದಳು. ಅದು ಕಟ್ಟಿಕೊಂಡೇ ಇತ್ತು.

“ಯಾರೂ ಇಲ್ಲ ಅಮ್ಮ. ನಂದೇ ತಪ್ಪು.” ರೊಕಾಯಾ ತಲೆಯ ವಸ್ತ್ರ ಬಿಚ್ಚಿ ಡೋಲನ್ನು ಅದರಲ್ಲಿ ಸುತ್ತಿದಳು. “ನಮಗೂ ಈಗ ಉಪವಾಸ. ನಮ್ಮಲ್ಲೂ ಇದನ್ನ ಮುಟ್ಟಬಾರ್ದು. ಗೊತ್ತಿದ್ದೂ ಮುಟ್ಟಿದೆ.”

“ಉಪವಾಸಾನಾ?” ನೆನೆನ್ ಪೂರ್ತಿ ನಿಲ್ಲದೆ, ಪೂರ್ತಿ ಕೂರದೆ ಕೇಳಿದಳು. “ಏನ್ ಬಿಟ್ಟಿದ್ದೀಯ?”

“ಹೊತ್ತು ಮುಳುಗೋವರ್ಗೂ ಎಲ್ಲಾ.”

“ಎಲ್ಲಾ ಅಂದ್ರೆ? ಕಾಫಿ?”

“ಕಾಫೀನೂ.”

“ನೀರು?”

“ನೀರೂ.”

ನೆನೆನ್ ನಿಧಾನವಾಗಿ ಕೂತಳು. “ಕೇಳಿಸ್ಕೊಂಡ್ಯೇನೇ, ಒರೇಲಿಯಾ? ನೀರೂ ಇಲ್ವಂತೆ. ನೀನೇನು ಬಿಟ್ಟಿದ್ದೀಯ ಈ ಸಲ?”

“ಕೋಕ್.”

“ಡಯಟ್ ಕೋಕ್ ಕುಡೀತಾರೆ!” ಎಂದಳು ಸೆಲೆಸ್ಟಿನ್. “ನಾನೇ ನೋಡಿದ್ದೀನಿ!”

ಮಕ್ಕಳೆಲ್ಲ ನಕ್ಕರು. ನೆನೆನ್‌ಳ ನಗು ಎಲ್ಲರಿಗಿಂತ ಜೋರಾಗಿತ್ತು. “ಬಾ ಇಲ್ಲಿ, ನೀರೂ ಕುಡೀದ ಮಗಳೇ,” ಎಂದು ರೊಕಾಯಾಳನ್ನು ತನ್ನ ಪಕ್ಕದ ಬೆಂಚಿಗೆ ಕರೆದಳು. ಒರೇಲಿಯಾಳ ತಾಯಿ ಬದುಕಿದ್ದಷ್ಟು ದಿನ ಕೂರುತ್ತಿದ್ದ ಜಾಗ ಅದು. ಒರೇಲಿಯಾ ಮೆಟ್ಟಿಲ ಮೇಲೆ, ಮಕ್ಕಳ ಹಿಂದೆ ಕೂತಳು. ಹಿಂದೆ.

ಈಗ ಕೇಳುತ್ತಾಳೆ, ನೆನೆನ್ ‘ಮರೆತೆ’ ಎನ್ನುತ್ತಾಳೆ ಎಂದು ಕಾದಳು. ರೊಕಾಯಾ ಏನನ್ನೂ ಕೇಳಲಿಲ್ಲ. ಮಕ್ಕಳ ಕಡೆ ತಿರುಗಿ, “ಮೊಲಕ್ಕೆ ಒಂದು!” ಎಂದಳು, ಅಷ್ಟೇ. ಮಕ್ಕಳ ಕೈಗಳು ಎದ್ದವು. ಅವ್ವನಿಗೊಂದು, ಸೋದರಮಾವನಿಗೊಂದು, ಬೂಕಿಗೆ ಸಿಪ್ಪೆ. ಡೋಲಿಲ್ಲದ ಕಥೆ ಬರೀ ಅಂಗೈಗಳ ಮೇಲೆ ನಡೆಯಿತು. ಸಿಪ್ಪೆ ಬಂದಾಗ ನೆನೆನ್ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿ ನಕ್ಕಳು. ಮೂರನೇ ಸುತ್ತಿಗೆ ಅವಳ ಹಿಮ್ಮಡಿ ಜಗಲಿಯ ಹಲಗೆಯನ್ನು ತಟ್ಟತೊಡಗಿತು.

“ಹಾಗಲ್ವೇ. ಅದು ಮದುವೆ ಮನೆ ಚಪ್ಪಾಳೆ ಆಯ್ತು. ತಪಸ್ಸುಕಾಲದ್ದು ಹೀಗೆ.” ಹಿಮ್ಮಡಿ ಒಂದು ಕಡೆ ಬಿತ್ತು, ಅಂಗೈ ಅದಕ್ಕೆ ಸಿಗದಂತೆ ಇನ್ನೊಂದು ಕಡೆ. ಹಿಮ್ಮಡಿ, ಅಂಗೈ, ನಡುವೆ ಒಂದು ಖಾಲಿ ಜಾಗ. ವಾದ್ಯಗಳು ಮಲಗಿದ ತಿಂಗಳಲ್ಲಿ ನಮ್ಮ ಹಿರಿಯರು ಬರೀ ಕೈಕಾಲುಗಳಿಂದ ಕಟ್ಟುತ್ತಿದ್ದ ಹಾಡುಗುಣಿತ, ಝುರೇ. ಒರೇಲಿಯಾ ಕಾಲೇಜಿನಲ್ಲಿ ಅದರ ಬಗ್ಗೆ ಪ್ರಬಂಧ ಬರೆದಿದ್ದಳು. ರೊಕಾಯಾ ಎರಡನೇ ಪೆಟ್ಟಿಗೇ ಹಿಡಿದಳು. ತಪ್ಪಲಿ, ತಪ್ಪಲಿ ಎಂದು ಒರೇಲಿಯಾ ಅವಳ ಪಾದವನ್ನೇ ನೋಡುತ್ತಿದ್ದಳು. ತಪ್ಪಲಿಲ್ಲ. ಡೋಲು ತರಿಸಿದ್ದರಿಂದಲೇ ಇದೆಲ್ಲ ಆಯಿತು ಎಂದು ಹೊಳೆದಾಗ ಅವಳಿಗೆ ತನ್ನ ನಾಲಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

“ನೀನೊಂದು ಕಥೆ ಹಾಕ್ದೆ,” ಎಂದಳು ನೆನೆನ್. “ಈಗ ನಂದು.” ಮೆಟ್ಟಿಲ ಕಡೆ ಕತ್ತು ಚಾಚಿದಳು. “ನೋಡ್ಕೋ, ಶಾಲೆಯಮ್ಮ. ಕೇಳಿದ್ರೆ ಬರೋದಲ್ಲ ಇದು. ನಿಂದೊಂದು ಹಾಕಿದ್ರೆ ನಂದು ತಾನೇ ಏಳುತ್ತೆ. ವರ್ಷಗಟ್ಲೆ ಆ ಫೋನ್ ಚಾಚ್ದೆ. ಅದಕ್ಕೇನು ಕಥೆ ಬರುತ್ತಾ ವಾಪಸ್ ಹೇಳೋಕೆ?”



ಕಥೆ ಶುರುವಾಯಿತು. ಬೂಕಿಯ ದನಿ ಎಷ್ಟು ದೊಡ್ಡದೆಂದರೆ, ಅವನು ಹಾಡಿದರೆ ಮೂರು ಹಳ್ಳಿಯ ಹಾಲು ಒಡೆಯುತ್ತಿತ್ತು. ಮೊಲನಿಗೆ ನಿದ್ದೆಯಿಲ್ಲ. ತಪಸ್ಸುಕಾಲ ಬಂತು. ಮೊಲ ಹೋಗಿ ಹೇಳಿದ: ಬೂಕಿ ಮಾವ, ಎಲ್ರೂ ಏನಾದ್ರೂ ಬಿಡ್ತಾರೆ. ಒಬ್ಬ ಸಕ್ಕರೆ ಬಿಡ್ತಾನೆ, ಒಬ್ಬ ಹೊಗೆಸೊಪ್ಪು ಬಿಡ್ತಾನೆ. ನೀನು ನಿನ್ನ ದನಿ ಬಿಡು, ನೇರ ಸ್ವರ್ಗ. ಬೂಕಿಗೆ ಸ್ವರ್ಗವೆಂದರೆ ಆಸೆ. ಸೋರೆಬುರುಡೆಯೊಳಗೆ ಬಾಯಿಟ್ಟು ತನ್ನ ದನಿಯನ್ನೆಲ್ಲ ಉಗುಳಿದ. ಮೊಲ ಮೇಣ ಮೆತ್ತಿ, ಜೌಗಿನ ಯಾವುದೋ ಮರಕ್ಕೆ ಕಟ್ಟಿಬಂದ. ಈಸ್ಟರ್ ಬಂತು. ಬೂಕಿ ದನಿ ಹುಡುಕಿಕೊಂಡು ಹೊರಟ. ಆದರೆ ಹೇಗೆ ಕೂಗುತ್ತಾನೆ? ಕೂಗಲು ದನಿಯೇ ಇಲ್ಲ. ಒಂದೊಂದೇ ಮರದ ಕೆಳಗೆ ಹೋಗಿ ನಿಲ್ಲುತ್ತಾನೆ. ಬಾಯಿ ತೆರೆಯುತ್ತಾನೆ.

ನೆನೆನ್ ಬಾಯಿ ತೆರೆದಳು. ಸದ್ದಿಲ್ಲ. ಹಿಮ್ಮಡಿ, ಅಂಗೈ, ಖಾಲಿ ಜಾಗ. ಕಾದಳು.

ಮಕ್ಕಳು ಮುಖ ಮುಖ ನೋಡಿಕೊಂಡರು. ನೆನೆನ್ ಮತ್ತೊಮ್ಮೆ ಬಾಯಿ ತೆರೆದಳು. ಹಿಮ್ಮಡಿ, ಅಂಗೈ. ಬುರುಡೆಯೊಳಗಿನ ದನಿ ಆಗಬೇಕಾದವರು ಕೂತು ಕೇಳುವವರು. ಅವರು ಹಾಡದಿದ್ದರೆ ಬೂಕಿ ಮರದ ಕೆಳಗೆ ಮೂಕನಾಗಿಯೇ ನಿಂತಿರಬೇಕು, ಕಥೆ ಅಲ್ಲಿಗೇ ಮುಗಿಯಬೇಕು.

ಒರೇಲಿಯಾಳ ಗಂಟಲಲ್ಲಿ ಏನೋ ಎದ್ದಿತು. ಅರ್ಧಕ್ಕರ್ಧ ಅರ್ಥ ತಿಳಿಯದ, ಅಜ್ಜಿಯರ ಕ್ರಿಯೋಲ್ ಭಾಷೆಯ ಮಾತುಗಳು, ರಾಗದ ಸಮೇತ, ಸಾಲಾಗಿ. ತನಗೆ ಗೊತ್ತಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಹಲ್ಲು ಕಚ್ಚಿದಳು. ಸುಮ್ಮನಿದ್ದರೆ ಸಾಕು. ನೆನೆನ್ ಸುಸ್ತಾಗಿ ‘ಹೋಗ್ಲಿ ಬಿಡಿ’ ಎನ್ನುತ್ತಾಳೆ. ರೊಕಾಯಾ ಕಥೆಯಿಲ್ಲದೆ ಹಿಂದಿರುಗುತ್ತಾಳೆ. ಕಾರ್ಯಕ್ರಮ ಎಂದಿನಂತೆ.

ನೆನೆನ್ ಮೂರನೇ ಸಲ ಬಾಯಿ ತೆರೆದಳು. ಬೆಂಚಿನ ಮೇಲೆ ರೊಕಾಯಾ ಕತ್ತು ಓರೆ ಮಾಡಿ, ಮುದುಕಿಯ ತುಟಿಗಳನ್ನೇ ನೋಡುತ್ತಾ, ಉಸಿರೆಳೆದುಕೊಂಡಳು. ಊಹಿಸಿ ಹಾಡಲಿದ್ದಳು. ಅವಳ ಊಹೆ ಸರಿಯಾಗಿಯೂ ಬಿಡಬಹುದಿತ್ತು. ಅದನ್ನು ಒರೇಲಿಯಾ ತಾಳಲಾರದೆ ಹೋದಳು.

“ನಾನಿಲ್ಲಿ, ನಾನಿಲ್ಲಿ, ಸೋರೆಯ ಒಳಗೆ,
ಮೇಣವ ಕಿತ್ತರೆ ಬರುವೆನು ಹೊರಗೆ.
ನೀನಿರದೆ ನಾ ಬರಿ ಗಾಳಿಯೊ ಬೂಕಿ,
ನಾನಿರದೆ ನೀ ಬರಿ ಬಾಯಿ!”

ಬೇಕಾದ್ದಕ್ಕಿಂತ ಜೋರಾಗಿತ್ತು. ಮಕ್ಕಳೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ಸೆಲೆಸ್ಟಿನ್ ಬಾಯಿ ಬಿಟ್ಟುಕೊಂಡು ನೋಡಿದಳು, ಸಂಗೀತದ ಟೀಚರ್ ಹಾಡುತ್ತಾರೆ ಎಂದು ಈಗಷ್ಟೇ ತಿಳಿದವಳಂತೆ.

“ತಡ,” ಎಂದಳು ನೆನೆನ್, ತಿರುಗಿಯೂ ನೋಡದೆ. ಕಥೆಯ ಬೂಕಿಯನ್ನು ದನಿ ಬಂದ ಕಡೆಗೆ, ಮುಂದಿನ ಮರಕ್ಕೆ ನಡೆಸಿದಳು.

ಎರಡನೇ ಮರಕ್ಕೆ ಮಕ್ಕಳು ಸೇರಿಕೊಂಡರು. ಮೂರನೆಯದಕ್ಕೆ ರೊಕಾಯಾ ಕೆಳಗಿನ ಸ್ವರ ಹಿಡಿದು ಒಳಗೆ ಬಂದಳು, ಆ ಜಾಗ ಅವಳಿಗಾಗಿಯೇ ಖಾಲಿ ಇದ್ದಂತೆ. ಅವಳನ್ನು ಬೀಳಿಸಲು ಒರೇಲಿಯಾ ವೇಗ ಹೆಚ್ಚಿಸಿದಳು. ರೊಕಾಯಾ ಬೀಳಲಿಲ್ಲ. ಇನ್ನೂ ಹೆಚ್ಚಿಸಿದಳು. ಇಬ್ಬರ ಹಿಮ್ಮಡಿಗಳಿಗೆ ಜಗಲಿಯ ಧೂಳು ಏಳತೊಡಗಿತು, ನೆನೆನ್ ಕುರ್ಚಿ ಬಿಟ್ಟು ಎದ್ದು ನಿಂತಳು, ಬೂಕಿ ಮರವನ್ನು ಅಪ್ಪಿ ಅಲ್ಲಾಡಿಸಿದ, ಬುರುಡೆ ಬಿದ್ದು ಒಡೆಯಿತು. ದನಿ ಹೊರಗೆ ಹಾರಿ, ಹತ್ತಿರದಲ್ಲಿ ತೆರೆದಿದ್ದ ಬಾಯಿಗೆ ಹೊಕ್ಕಿತು. ಅದು ಗಾಬರಿಯಲ್ಲಿ ಬಾಯಿ ಕಳೆದು ನಿಂತಿದ್ದ ಮೊಲನ ಬಾಯಿ.

“ಅದಕ್ಕೇ ಮೊಲ ಇವತ್ತಿಗೂ ಬಾಯಿ ಬಿಡಲ್ಲ,” ಎಂದಳು ನೆನೆನ್, ಏದುಸಿರಿನಲ್ಲಿ. “ಬಿಟ್ರೆ ಬೂಕಿ ದನಿ ಬರುತ್ತೆ. ಎಲ್ಲಿದ್ದಾನೆ ಅಂತ ನಾಯಿಗೆ ಗೊತ್ತಾಗುತ್ತೆ.”

ಅವಳು ರೊಕಾಯಾಳ ಕೆನ್ನೆ ತಟ್ಟಿದಳು. “ಕಥೆ ನಿಂಗೆ. ತಗೊಂಡು ಹೋಗು.” ಮೆಟ್ಟಿಲ ಕಡೆ ಬೆರಳು ತೋರಿಸಿದಳು. “ಉತ್ತರದ ಹಾಡು ಇವಳಿಗೆ. ಇಷ್ಟು ವರ್ಷ ಹೊಟ್ಟೇಲ್ಲೇ ಇಟ್ಕೊಂಡಿದ್ಲು ನೋಡು, ಕಳ್ಳಿ.”

ಕಥೆ ಅವಳಿಗೆ. ಒರೇಲಿಯಾ ಆ ಮಾತನ್ನು ಏರಿಯುದ್ದಕ್ಕೂ ಹೊತ್ತು ನಡೆದಳು. ಮಕ್ಕಳು ಎರಡು ಸಾಲಾಗಿ ಮುಂದಿದ್ದರು. ರೊಕಾಯಾ ಡೋಲಿನ ಗಂಟನ್ನು ಮಗುವಿನಂತೆ ಎತ್ತಿಕೊಂಡು ಪಕ್ಕದಲ್ಲಿ ಬರುತ್ತಿದ್ದಳು. ಅವಳ ತುಟಿಗಳು ಒಣಗಿದ್ದವು.

“ಡೋಲು ಅಂದ್ರೆ ಪ್ರಾಣ ಅಂದ್ರಿ,” ಎಂದಳು ರೊಕಾಯಾ.

“ಅಂದೆ.”

“ಬೇಕಂತ.”

“ಬೇಕಂತ.”



“ನಮ್ಮೂರಲ್ಲಿ ಸವತಿಯರು ಹೀಗ್ಮಾಡ್ತಾರೆ,” ಎಂದಳು ರೊಕಾಯಾ. “ಇನ್ನೊಬ್ಬಳ ಪಾತ್ರೆಗೆ ಒಂದು ಹಿಡಿ ಉಪ್ಪು ಹಾಕಿ, ಗಂಡ ಊಟಕ್ಕೆ ಕೂರೋದನ್ನೇ ಕಾಯ್ತಾರೆ.”

“ನಮಗ್ಯಾವ ಗಂಡ?”

“ನಡೀತಿಲ್ವಾ ಮುಂದೆ? ಎರಡು ಸಾಲಲ್ಲಿ.”

ಒರೇಲಿಯಾಗೆ ನಗು ಬಂತು. ಬಿಟ್ಟುಕೊಡಲಿಲ್ಲ. “ಕಾರ್ಯಕ್ರಮದಲ್ಲಿ ನಾನು ಹಿಂದೆ ಕೂರಲ್ಲ. ಈಗ್ಲೇ ಹೇಳ್ತಿದ್ದೀನಿ.”

“ಹಿಂದೆ ಕೂತ್ರೆ ನಂಗೇನು ಉಪಯೋಗ? ಜನದ ನಡುವೆ ಕೂರಿ. ದನಿ ಅಲ್ಲಿಂದ್ಲೇ ಬರ್ಬೇಕು.”

“ನಾನು ಹಾಡ್ದೇ ಇದ್ರೆ?”

“ಊರಿನ ಅಜ್ಜ-ಅಜ್ಜಿಯರೆಲ್ಲರ ಮುಂದೆ ಬಾಯಿ ತೆಕ್ಕೊಂಡು ನಿಂತಿರ್ತೀನಿ.” ರೊಕಾಯಾ ಗಂಟನ್ನು ಇನ್ನೊಂದು ತೋಳಿಗೆ ಬದಲಿಸಿದಳು. “ಖುಷಿಯಾಯ್ತಾ?”

ಆಯಿತು. ಒರೇಲಿಯಾ ಆ ಚಿತ್ರವನ್ನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದಳು.

ರೊಕಾಯಾ ಏರಿಯ ನಡುವೆ ನಿಂತಳು. “ನೋಡೋಣ, ಸರಿಯಾಗಿ ಹಿಡಿದಿದ್ದೀನಾ ಅಂತ.” ಹಿಮ್ಮಡಿ ತಟ್ಟಿದಳು. ಗಂಟಿನ ಮೇಲೆ ಅಂಗೈ. ಬಾಯಿ ತೆರೆದಳು. ಸದ್ದಿಲ್ಲ.

ಮುಂದೆ ಹೋಗುತ್ತಿದ್ದ ಸಾಲುಗಳು ನಿಂತವು. ಮಕ್ಕಳು ತಿರುಗಿ ಮೊದಲು ರೊಕಾಯಾಳನ್ನು, ಆಮೇಲೆ ಒರೇಲಿಯಾಳನ್ನು ನೋಡಿದರು.

ಒರೇಲಿಯಾ ಒಂದು ತಾಳ ಬಿಟ್ಟಳು. ರೊಕಾಯಾ ಬಾಯಿ ತೆರೆದೇ ಇದ್ದಳು, ಕಣ್ಣು ಕದಲಿಸದೆ. ಚೆನ್ನಾಗಿತ್ತು ನೋಟ. ಇನ್ನೊಂದು ತಾಳ ಬಿಟ್ಟಳು. ಸೆಲೆಸ್ಟಿನ್ ಉಸಿರೆಳೆದುಕೊಳ್ಳುವುದು ಕಾಣಿಸಿತು. ಆ ಹುಡುಗಿ ಶುರುಮಾಡುವ ಮೊದಲೇ ಒರೇಲಿಯಾ ಹಾಡಿದಳು.